ನಾಲ್ಕು ಹೆಜ್ಜೆ, ಆಮೇಲೆ ಎಡಕ್ಕೆ

ಅಕ್ಕನ ಮನೆಯ ಬಾಗಿಲು ತಟ್ಟಲು ಗುಮಾಸ್ತ ಎತ್ತಿದ ಕೈ ಹಾಗೇ ನಿಂತಿತು.

“ಅಯ್ಯೋ, ಕೈ ಚಾಚ್ಬೇಡಿ ಅಂದ್ನಲ್ಲಾ! ಚಾಚಿದ್ರೆ ಸಿಕ್ಕಿಬೀಳ್ತೀರಿ,” ಒಳಗಿನಿಂದ ಅಕ್ಕನ ದನಿ. “ನಾಲ್ಕು ಹೆಜ್ಜೆ, ಆಮೇಲೆ ಎಡಕ್ಕೆ. ಮತ್ತೆ ಮಾಡಿ.”

ಗುಮಾಸ್ತ ಕಿಟಕಿಯ ಸಂದಿಗೆ ಕಣ್ಣಿಟ್ಟ. ನಡುಮನೆಯಲ್ಲಿ ಎರಡು ಕುರ್ಚಿ, ಒಂದು ಸ್ಟೂಲು. ಭಾವ ಕಣ್ಣು ಬಿಟ್ಟುಕೊಂಡೇ ನಡೆದುಬಂದು ಸ್ಟೂಲಿಗೆ ಮೊಣಕಾಲು ಬಡಿಸಿಕೊಂಡ.

“ಇನ್ನೊಂದು ತಿಂಗಳು ರೀ. ಆಮೇಲೆ ನಮ್ಮನ್ನ ಯಾರೂ ಏನೂ ಮಾಡೋಕಾಗಲ್ಲ.”

ಗುಮಾಸ್ತ ಕಿಟಕಿಯಿಂದ ಹಿಂದೆ ಸರಿದ. ಅವನು ಇದ್ದದ್ದು ಅಂಗವಿಕಲರ ಪಿಂಚಣಿ ಕಚೇರಿಯಲ್ಲಿ. ಹನ್ನೆರಡು ವರ್ಷದಲ್ಲಿ ಸುಳ್ಳು ಕುಂಟರನ್ನು, ಸುಳ್ಳು ಕಿವುಡರನ್ನು ಹಿಡಿದು ಹೆಸರು ಮಾಡಿದವನು. ತನ್ನ ಕಣ್ಣಿನ ಮೇಲೆ ಅವನಿಗೆ ವಿಪರೀತ ನಂಬಿಕೆ. ಸುಳ್ಳು ಕುರುಡರೆಲ್ಲ ಸಿನಿಮಾದಲ್ಲಿ ನೋಡಿದಂತೆ ಕೈ ಚಾಚಿಕೊಂಡೇ ಬರುತ್ತಾರೆ ಎಂದು ಇದೇ ಮನೆಯಲ್ಲಿ ಊಟಕ್ಕೆ ಕೂತಾಗ ನಕ್ಕು ಹೇಳಿದ್ದವನೂ ಅವನೇ. ಅಕ್ಕ ಪಾಠ ಕಲಿತುಬಿಟ್ಟಿದ್ದಳು, ಭಲೇ!

ಎಂಟು ತಿಂಗಳ ಹಿಂದಿನ ಮಾತು ಈಗ ನೆನಪಾಯಿತು. ಅಂದು ಅಕ್ಕ ತಟ್ಟೆಗೆ ಬಡಿಸುತ್ತಾ ಕೇಳಿದ್ದಳು.

“ಕಣ್ಣು ಹೋದವ್ರಿಗೆ ಪಿಂಚಣಿ ಬರ್ಬೇಕಂದ್ರೆ ಎಷ್ಟು ವರ್ಷ ದುಡಿದಿರ್ಬೇಕೋ?”

“ಹತ್ತು. ಅದಕ್ಕೆ ಒಂದೇ ಒಂದು ದಿನ ಕಮ್ಮಿ ಇದ್ದು ಕೆಲಸ ಹೋಯ್ತು ಅನ್ನು, ಬಿಡಿಗಾಸೂ ಬರಲ್ಲ.”

“ಹತ್ತು ತುಂಬಿದ ಮಾರನೇ ದಿನ ಬಂದು ಕೇಳಿದ್ರೆ?”

“ಸಾಯೋವರೆಗೂ ಬರತ್ತೆ. ಯಾಕೆ, ಯಾರಿಗೆ?”

“ಪಕ್ಕದ ಮನೆಯವ್ರು ಕೇಳ್ತಿದ್ರು,” ಎಂದು ಅಕ್ಕ ಕ್ಯಾಲೆಂಡರಿನ ಕಡೆ ನೋಡಿದ್ದಳು. ಪಕ್ಕದ ಮನೆಗೆ ಆಗ ಬೀಗ ಬಿದ್ದು ಆರು ತಿಂಗಳಾಗಿತ್ತು.

ಭಾವನದು ಕಾರ್ಖಾನೆಯಲ್ಲಿ ಬೋಲ್ಟಿಗೆ ನಟ್ಟು ಹಾಕುವ ಕೆಲಸ. ಮುಂದಿನ ತಿಂಗಳಿಗೆ ಹತ್ತು ವರ್ಷ. ಲೆಕ್ಕ ಸರಿಹೋಯಿತು.

ಗುಮಾಸ್ತ ಜೋರಾಗಿ ಕೆಮ್ಮಿ ಬಾಗಿಲು ತಟ್ಟಿದ. ಒಳಗೆ ಕುರ್ಚಿಗಳು ಸರಸರ ಸರಿದವು. ಅಕ್ಕ ಬಾಗಿಲು ತೆಗೆದವಳೇ ಬೀದಿಗೆಲ್ಲ ಕೇಳುವಂತೆ, “ಏನೋ ತಮ್ಮಾ, ಹೊಸ ನೀಲಿ ಶರ್ಟು!” ಎಂದಳು.

“ಬಾರಯ್ಯಾ, ಬಾ,” ಭಾವ ಕುರ್ಚಿಯಿಂದಲೇ ಕರೆದ. ಅಕ್ಕ ಚಹಾ ತಂದು ಲೋಟವನ್ನು ಮೇಜಿನ ಮೇಲೆ ಟಕ್ಕೆಂದು ಇಟ್ಟಳು. ಭಾವ ಎತ್ತಿಕೊಂಡು ಒಂದು ಗುಟುಕು ಕುಡಿದ.

“ಕೆಲಸ ಹೇಗಿದೆ ಭಾವ?”

“ಕೆಲಸಕ್ಕೇನಯ್ಯ, ಕೈಯೇ ಮಾಡ್ಕೊಂಡು ಹೋಗತ್ತೆ. ಮೊನ್ನೆ ನಮ್ಮನ್ನ ಹೊಸ ಶೆಡ್ಡಿಗೆ ಹಾಕಿದ್ರು. ಅದಿನ್ನೂ ಒಗ್ಗಿಲ್ಲ.”

“ಈಗೀಗ ಅಕ್ಕ ದಿನಾ ಕೈ ಹಿಡ್ಕೊಂಡು ಗೇಟಿನವರೆಗೂ ಬಿಡ್ತಾಳಂತೆ? ಬೀದಿಯವರೆಲ್ಲ ಹೊಸ ಜೋಡಿ ಅಂತಿದಾರೆ.”

ಭಾವ ನಕ್ಕ. ಅಕ್ಕ ನಗಲಿಲ್ಲ.

“ಅದಿರ್ಲಿ, ಈ ನೀಲಿ ನಿಂಗೆ ಒಪ್ಪತ್ತೆ ಕಣಯ್ಯ,” ಎಂದ ಭಾವ.

ಅಷ್ಟು ಸಾಕಾಯಿತು. ಬಣ್ಣ ಕಾಣುವ ಕಣ್ಣು! ಮುಂದಿನ ತಿಂಗಳು ಈ ಕಣ್ಣೇ ಕಾಣದಾಗುತ್ತದೆ, ಅರ್ಜಿ ತನ್ನ ಮೇಜಿಗೇ ಬರುತ್ತದೆ. ಸಿಕ್ಕಿಬಿದ್ದರೆ ಬಾಮೈದನೇ ದಾರಿ ತೋರಿಸಿದ ಎನ್ನುತ್ತಾರೆ. ಇವರ ಆಸೆಗೆ ತನ್ನ ಅನ್ನಕ್ಕೆ ಕಲ್ಲು. ಒಂದು ಮಾತು ಮುಖಕ್ಕೆ ನೇರ ಕೇಳಿದ್ದರೆ ಆಗುತ್ತಿತ್ತು. ಕೇಳಲಿಲ್ಲ ಪುಣ್ಯಾತ್ಮ. ಮನೆಗೆ ಹೋಗಿ ಎಡಗೈಯಲ್ಲಿ ಒಂದು ಕಾಗದ ಬರೆದ, ಕಾರ್ಖಾನೆಗೆ. ‘ನಿಮ್ಮ ಈ ಕೆಲಸಗಾರ ಕಣ್ಣು ಹೋಯಿತೆಂದು ನಾಟಕವಾಡಲಿದ್ದಾನೆ. ಈಗಲೇ ಕಣ್ಣು ಪರೀಕ್ಷೆ ಮಾಡಿಸಿ, ಚೆನ್ನಾಗಿದೆ ಎಂಬ ವರದಿಯನ್ನು ಪಿಂಚಣಿ ಕಚೇರಿಗೆ ಕಳಿಸಿಡಿ.’ ಸಹಿ ಹಾಕಲಿಲ್ಲ. ಊಟ ಮಾಡಿ ನೆಮ್ಮದಿಯಾಗಿ ಮಲಗಿದ.

ಮೂರು ವಾರ ಕಳೆಯಿತು. ಬೆಳಗಿನ ಟಪಾಲಿನಲ್ಲಿ ಕಾರ್ಖಾನೆಯ ಲಕೋಟೆ ಇತ್ತು. ಒಡೆಯಬೇಕು ಎನ್ನುವಷ್ಟರಲ್ಲಿ ಕಚೇರಿಯ ಬಾಗಿಲಲ್ಲಿ ಅಕ್ಕ. ಅವಳ ಭುಜ ಹಿಡಿದು ಭಾವ, ಇನ್ನೊಂದು ಕೈ ಮುಂದಕ್ಕೆ ಚಾಚಿಕೊಂಡು. ಥೇಟ್ ಸಿನಿಮಾ.

ಇಷ್ಟು ಬೇಗ ಶುರು ಹಚ್ಚಿಕೊಂಡರೇ ಎಂದುಕೊಂಡ ಗುಮಾಸ್ತ. ಕಲಿಸಿದ ಪಾಠವನ್ನೂ ಮರೆತಿದ್ದಾರೆ.

“ಯಾರೋ ಕಾಗದ ಬರೆದು ಹಾಕಿದ್ರಂತೆ ಕಣೋ,” ಎಂದಳು ಅಕ್ಕ. “ಅವನ ಮನೆ ಹಾಳಾಗ! ನಿನ್ನ ಕೆಲಸಕ್ಕೆ ಕುತ್ತು ಬರಬಾರ್ದು ಅಂತ ನಿಂಗೂ ಹೇಳಿರ್ಲಿಲ್ಲ. ಈಗ ನೀನೇ ಏನಾದ್ರೂ ಮಾಡ್ಬೇಕು.”

“ಕೂತ್ಕೋ ಅಕ್ಕ,” ಎಂದ. ಭಾವ ಕುರ್ಚಿಯನ್ನು ತಡಕಾಡಿದ. ನಗು ಬಂದದ್ದನ್ನು ನುಂಗಿಕೊಂಡು ಗುಮಾಸ್ತ ಲಕೋಟೆ ಒಡೆದ.

‘ಪರೀಕ್ಷೆಯಲ್ಲಿ ಈ ಕೆಲಸಗಾರನ ಎರಡೂ ಕಣ್ಣುಗಳು ಪೂರ್ತಿ ಹೋಗಿರುವುದು ಕಂಡುಬಂದಿದೆ. ಹೋಗಿ ಎಂಟು ತಿಂಗಳ ಮೇಲಾಯಿತೆಂದೂ, ಹತ್ತು ವರ್ಷ ತುಂಬುವ ತನಕ ಕಾಣುವವನಂತೆ ನಟಿಸುತ್ತಿದ್ದನೆಂದೂ ಅವನೇ ಒಪ್ಪಿಕೊಂಡ ಮೇರೆಗೆ ಕೆಲಸದಿಂದ ತೆಗೆಯಲಾಗಿದೆ. ಒಟ್ಟು ಸೇವೆ: ಒಂಬತ್ತು ವರ್ಷ, ಹನ್ನೊಂದು ತಿಂಗಳು, ಹತ್ತೊಂಬತ್ತು ದಿನ.’