ನಾರಿನ ಬಳೆ

ಮಹಾಂತೇಶ್ ಮತ್ತೆ ಬಳೆ ಒಡೆಯುತ್ತಿದ್ದ.

ಹಿತ್ತಲಿನ ಒಗೆಯುವ ಕಲ್ಲಿನ ಮೇಲೆ ಹಸಿರು ಬಳೆಯಿಟ್ಟು, ಗುಂಡುಕಲ್ಲಿನಿಂದ ಒಂದೇ ಏಟು. ಟಪ್ಪೆಂದು ಎರಡಾಯಿತು. ಅಡುಗೆಮನೆಯ ಕಿಟಕಿಯಿಂದ ನೋಡುತ್ತಿದ್ದ ಹೆಂಡತಿ ಸಂಧ್ಯಾರಾಣಿ ತನ್ನ ಬಳೆಗಳನ್ನು ಸೆರಗಿನಲ್ಲಿ ಮುಚ್ಚಿಕೊಂಡಳು. ಮುತ್ತೈದೆ ಇರುವ ಮನೆಯಲ್ಲಿ, ಅದೂ ಗಂಡನೇ ಕೂತು ಮಾಡುವ ಕೆಲಸವೇ ಇದು?

ಅತ್ತೆ ಶಂಕ್ರಮ್ಮ ಕಿವಿ ಮುಚ್ಚಿಕೊಂಡು ಒಳಗೆ ಹೋದರು. ಆ ಸದ್ದು ಅವರಿಗೆ ಆಗುವುದಿಲ್ಲ. ಅವರ ಬೋಳು ಮುಂಗೈಯಲ್ಲಿ ಹಳೆಯ ಗಾಯದ ಗೆರೆಯೊಂದಿದೆ. ಮಗ ಚಿಕ್ಕವನಿದ್ದಾಗ ಆದದ್ದು ಎನ್ನುತ್ತಾರೆ. ಹೇಗಾಯಿತೆಂದು ಸಂಧ್ಯಾ ಎಂದೂ ಕೇಳಿಲ್ಲ.

ಚನ್ನಗಿರಿಯಲ್ಲಿ ಮಹಾಂತೇಶನದು ಸಣ್ಣ ಕಾರ್ಖಾನೆ. ಮೆಕ್ಕೆಜೋಳದಿಂದ ತಯಾರಾದ, ಮಣ್ಣಲ್ಲಿ ಕರಗುವ ಪ್ಲಾಸ್ಟಿಕ್ಕಿಗೆ ಅಡಿಕೆ ಸಿಪ್ಪೆಯ ನಾರು ಬೆರೆಸಿ ಸಸಿ ಕುಂಡ ಮಾಡುತ್ತಾನೆ. ಮರ್ಯಾದೆಯ ಕೆಲಸ. ಯುಗಾದಿ ಕಳೆದ ಮೇಲೆ ಅದೇನು ಹುಚ್ಚು ಹಿಡಿಯಿತೋ, ಕುಂಡ ಬಿಟ್ಟು ಬಳೆಯ ಹಿಂದೆ ಬಿದ್ದ.

"ನೋಡಿಲ್ಲಿ." ಮುರಿದ ತುಂಡನ್ನು ಅವಳ ಮುಖಕ್ಕೆ ಹಿಡಿದ. "ನಾರು ನುಣ್ಣಗೆ ಕಿತ್ಕಂಡು ಬಂದೈತೆ. ಪ್ಲಾಸ್ಟಿಕ್ಕು ಅದರ ಕೈ ಬಿಟ್ಟೈತೆ. ನಾರನ್ನ ಇನ್ನೊಂದ್ಸಲ ಸೋಡಾ ನೀರಾಗೆ ತೊಳೀಬೇಕು. ತಣ್ಣಗಾಗಾಕೆ ಬಿಡೋದಕ್ಕೂ ಒಂದು ಹದ ಐತೆ. ಹದ ಸಿಕ್ರೆ ನಾರಿನ ಸುತ್ತ ಸಣ್ಣ ಹರಳು ಕಟ್ಟಿ ಬಿಗಿಯಾಗಿ ಹಿಡ್ಕಂತೈತೆ. ಹರಳು ದಪ್ಪ ಆದ್ರೆ ಹಿಂಗೇ, ಟಪ್ ಅಂತೈತೆ."

"ಬಳೆ ಯಾರಿಗ್ರೀ?"

"ಹಾಕ್ಕೊಳ್ಳೋರಿಗೆ."

ಇಂಥ ಉತ್ತರ ಕೇಳಿ ಯಾವ ಹೆಂಡತಿ ಸುಮ್ಮನಿರುತ್ತಾಳೆ? ಅವನೋ ದಿನದಿನಕ್ಕೆ ಸೊರಗುತ್ತಿದ್ದ. ಊಟ ಅರ್ಧಕ್ಕೇ ಬಿಡುತ್ತಿದ್ದ. ಸೋಮವಾರ ಬಂತೆಂದರೆ ದಾವಣಗೆರೆ ಬಸ್ಸು. ಕೇಳಿದರೆ, ಬಳೆಯ ಅಚ್ಚು ಮಾಡಿಸುವ ಕೆಲಸ. ಒಳಗೊಂದು ಹೊರಗೊಂದು ಇಟ್ಟುಕೊಂಡವನ ಮೈಗೆ ಅನ್ನ ಹತ್ತುವುದಿಲ್ಲ ಎಂದುಕೊಂಡಳು ಸಂಧ್ಯಾ.

ಒಂದು ಸಂಜೆ ಜಗಲಿಯಲ್ಲಿ ಅವನು ಫೋನಿನಲ್ಲಿ ಪಿಸುಗುಟ್ಟುವುದು ಕೇಳಿಸಿತು.

"ಸುನೀತಾ ಮೇಡಂ, ಸಂಧ್ಯಾಗೆ ಗೊತ್ತಾಗೋದು ಬ್ಯಾಡ. ದೀಪಾವಳಿ ಹೊತ್ತಿಗೆ ಎಲ್ಲಾ ಮುಗಿದಿರ್ತೈತೆ, ಅಲ್ವೇನ್ರಿ?"

ಯಾವ ಸುನೀತಾ? ಏನು ಮುಗಿಯುವುದು?

ಮಾರನೆಯ ದಿನವೇ ಅವನು ಅವಳ ಮುಂಗೈಗೆ ದಾರ ಸುತ್ತಿ ಅಳತೆ ತೆಗೆದ. ವಾರದಲ್ಲಿ ಎರಡು ಬಳೆ ತಂದ. ಕಲ್ಲಿನ ಮೇಲಿಟ್ಟು ಅವಳೆದುರೇ ಜಜ್ಜಿದ. ಒಡೆಯಲಿಲ್ಲ. ಎಷ್ಟೋ ತಿಂಗಳ ಮೇಲೆ ಅವನು ನಕ್ಕದ್ದು ಆಗಲೇ. ಆ ನಗು ಕಂಡು ಅವಳಿಗೆ ಭಯವಾಯಿತು. ಬೇಡ ಎನ್ನುವ ಧೈರ್ಯ ಬರಲಿಲ್ಲ. ಸೋಪು ಹಚ್ಚಿ, ಬಿಗಿಯಾಗಿ, ತಾನೇ ತೊಡಿಸಿದ.

"ತೆಗೀಬೇಕು ಅನ್ಸಿದ್ರೆ ನೀನೇ ತೆಗಿ, ಸಂಧ್ಯಾ. ಇನ್ನೊಬ್ರ ಕೈಗೆ ಬಿಡಬ್ಯಾಡ. ತೆಗೆದು ಮಣ್ಣಾಗೆ ಹೂತುಬಿಡು. ನಿಧಾನಕ್ಕೆ ಕರಗ್ತೈತೆ. ಗುರುತು ಉಳಿಯಂಗಿಲ್ಲ."

ಗುರುತು ಉಳಿಯಂಗಿಲ್ಲ. ಆ ಮಾತು ಅವಳನ್ನು ನಿದ್ದೆ ಮಾಡಲು ಬಿಡಲಿಲ್ಲ. ಅಂದಿನಿಂದ ಅವನು ಮಾಡಿಕೊಟ್ಟ ಕಾಫಿಯನ್ನು ಬಚ್ಚಲಿಗೆ ಸುರಿಯತೊಡಗಿದಳು. ಒಮ್ಮೆ ಅವನು ಬಾಗಿಲಲ್ಲಿ ನಿಂತು ಅದನ್ನು ನೋಡಿದ. ಹಾಗೇ ಹೊರಟುಹೋದ.

ದೀಪಾವಳಿಗೆ ಇನ್ನೂ ವಾರವಿತ್ತು.

ಅದೇ ಹಿತ್ತಲು, ಅದೇ ಒಗೆಯುವ ಕಲ್ಲು. ಕೇರಿಯ ಇಬ್ಬರು ಹೆಂಗಸರು ಸಂಧ್ಯಾಳ ಭುಜ ಅದುಮಿ ಹಿಡಿದರು. ಇನ್ನೊಬ್ಬಳು ಅವಳ ಮುಂಗೈಯನ್ನು ಕಲ್ಲಿಗೆ ಒತ್ತಿದಳು. ಗುಂಡುಕಲ್ಲು ಮೇಲೆದ್ದಿತು. ಅವಳು ಕಣ್ಣು ಮುಚ್ಚಿದಳು. ಒಂದು ಏಟು. ಮತ್ತೊಂದು. ಮತ್ತೊಂದು.

"ಇದೆಂಥಾ ಬಳೆನೇ ತಾಯೀ, ಒಡೆಯಾಕೇ ಒಲ್ದು!"

"ಬಿಡ್ರೇ ಅವಳ ಕೈನ!" ಶಂಕ್ರಮ್ಮ ನುಗ್ಗಿ ಬಂದು ಕಲ್ಲು ಕಿತ್ತುಕೊಂಡರು. ತಮ್ಮ ಮುಂಗೈ ಎತ್ತಿ ತೋರಿಸಿದರು. "ಮಹಾಂತೇಶನಪ್ಪ ಹೋದ ದಿನ ಬಳೆ ಒಡೆದು ನನ್ನ ಕೈ ಹಿಂಗೇ ಸೀಳಿದ್ರಿ. ನನ್ನ ಮಗ ಅದನ್ನ ನೋಡಿದ್ದ."

ನಡುಮನೆಯಲ್ಲಿ ಹೂವಿನ ನಡುವೆ ಕೂರಿಸಿದ್ದ ಮಹಾಂತೇಶನ ದೇಹದ ಪಕ್ಕ, ಯುಗಾದಿಯಿಂದ ಅವನಿಗೆ ಮದ್ದು ಕೊಡುತ್ತಿದ್ದ ದಾವಣಗೆರೆಯ ಡಾಕ್ಟರ್ ಸುನೀತಾ ತಲೆ ತಗ್ಗಿಸಿ ನಿಂತಿದ್ದರು. ಹಿತ್ತಲಲ್ಲಿ ಅವನ ಬಳೆ ಇನ್ನೂ ಅವಳ ಕೈ ಬಿಟ್ಟಿರಲಿಲ್ಲ.