ಆರನೆಯ ವೋಟು

ಗಂಡನ ಫೋನು ಹೊಲಿಗೆ ಯಂತ್ರದ ಮೇಜಿನ ಮೇಲೆ ಗುರುಗುಟ್ಟಿದಾಗ ಅವಳು ಗಿರಾಕಿಯೊಬ್ಬರ ಕೋಟಿಗೆ ಜಿಪ್ ಕೂರಿಸುತ್ತಿದ್ದಳು. ಗಂಡ ತೀರಿಕೊಂಡು ನಾಲ್ಕು ತಿಂಗಳಾಗಿತ್ತು. ಅವನ ಫೋನಿಗೆ ಮಾತ್ರ ದಿನಾ ಬೆಳಿಗ್ಗೆ ತಪ್ಪದೆ ಚಾರ್ಜು ಹಾಕುತ್ತಿದ್ದಳು. ಯಾಕಮ್ಮಾ ಎಂದು ಮಗಳು ಕೇಳಿದರೆ, "ಇರ್ಲಿ ಬಿಡು" ಎನ್ನುತ್ತಿದ್ದಳು.

ಸಂದೇಶ ಬಂದದ್ದು ಹೊಲಿಗೆ ಯಂತ್ರ ರಿಪೇರಿಯವರ ಆನ್‌ಲೈನ್ ಬಳಗದಿಂದ. ಅದರ ಆಡಳಿತ ಮಂಡಳಿಯ ಒಂಬತ್ತು ಜನರಲ್ಲಿ ಅವನೂ ಒಬ್ಬ. ಅಲ್ಲಿ ಯಾರಿಗೂ ಯಾರ ನಿಜವಾದ ಹೆಸರೂ ಮುಖವೂ ಗೊತ್ತಿಲ್ಲ, ಜಗಳಕ್ಕೆ ಮಾತ್ರ ಬರವಿಲ್ಲ. ಅವರಿಗೆ ಅವನು 'ಎಣ್ಣೆಡಬ್ಬಿ'. "ಎಣ್ಣೆಡಬ್ಬಿಯವರ ಪತ್ತೆಯಿಲ್ಲದೆ ನಾಲ್ಕು ತಿಂಗಳಾಯಿತು. ಆರು ಮತ ಬೇಕಾದ ಎರಡು ಕೆಲಸಗಳು ಅವರ ಮತವಿಲ್ಲದೆ ಐದಕ್ಕೇ ನಿಂತಿವೆ. ಬೇಜವಾಬ್ದಾರಿಯ ಕಾರಣ ಅವರನ್ನು ಮಂಡಳಿಯಿಂದ ಕೈಬಿಟ್ಟು ಬೇರೊಬ್ಬರನ್ನು ತರುವ ನಿರ್ಣಯ: ಪರ ಐದು, ವಿರೋಧ ಮೂರು. ಬೇಕಾದದ್ದು ಆರು. ಬಾಕಿಯಿರುವುದು ಎಣ್ಣೆಡಬ್ಬಿಯವರದೇ ಮತ. ಮತದಾನ ಸಂಜೆ ಐದಕ್ಕೆ ಮುಗಿಯುತ್ತದೆ."

ಬೇಜವಾಬ್ದಾರಿ ಎಂಬ ಮಾತಿಗೆ ಅವಳ ಮೈ ಉರಿಯಿತು. ಊಟದ ತಟ್ಟೆ ಪಕ್ಕಕ್ಕೆ ಸರಿಸಿ, ಕಂಡು ಕೇಳದವರ ಯಂತ್ರದಲ್ಲಿ ದಾರ ಯಾಕೆ ತುಂಡಾಗುತ್ತದೆಂದು ಬರೆಯುತ್ತ ಕೂರುತ್ತಿದ್ದ ಮನುಷ್ಯ. ಇಸ್ತ್ರಿ ಮಾಡುತ್ತಿದ್ದ ಮಗಳ ಮುಂದೆ ಫೋನು ಹಿಡಿದಳು.

ಮಗಳು ಓದಿ ತಲೆಯೆತ್ತಿದಳು. "ಅಮ್ಮಾ, ಅಪ್ಪ ಇಲ್ಲ ಅಂತ ಇವ್ರಿಗೆ ಹೇಳೇ ಇಲ್ವಾ ನೀನು?"

"ಹೇಳಿದ್ರೆ ಅಲ್ಲಿಂದಾನೂ ಹೋಗಿಬಿಡ್ತಾರಲ್ಲೇ."

ಮಗಳು ಮತ್ತೆ ಫೋನಿನತ್ತ ಬಗ್ಗಿದಳು. "ಅಲ್ಲಾ, ಒಂಬತ್ತರಲ್ಲಿ ಐದು ಅಂದ್ರೆ ಅರ್ಧಕ್ಕಿಂತ ಜಾಸ್ತಿ ಆಯ್ತಲ್ಲ. ಇನ್ನೇನು ಬೇಕಂತೆ ಇವ್ರಿಗೆ?"

"ಅದು ನಿಮ್ಮಪ್ಪನದೇ ರೂಲು. ಒಬ್ಬನ್ನ ಒಳಗೆ ಕರ್ಕೊಳ್ಳೋಕೆ ಅರ್ಧದ ಮೇಲೆ ಒಂದು ವೋಟು ಸಾಕು, ಹೊರಗೆ ಹಾಕೋಕೆ ಕೋಪ ಇಳಿದ ಮೇಲೂ ಉಳಿಯೋ ಅಷ್ಟು ವೋಟು ಬೇಕು, ಅಂತ ವಾರಗಟ್ಟಲೆ ಕಿತ್ತಾಡಿದ್ರು. ಮೂರರಲ್ಲಿ ಎರಡು ಪಾಲು, ಅಂದ್ರೆ ಆರು, ಅಂತ ಒಪ್ಪಿಸೋ ತನಕ ಬಿಡ್ಲಿಲ್ಲ. ಅಷ್ಟೂ ದಿನ ನನ್ನ ಯಂತ್ರ ಕೆಟ್ಟು ಕೂತಿತ್ತು, ಅದನ್ನ ಕೇಳೋರಿಲ್ಲ."

ಮತ್ತೆ ಬಂದು ಯಂತ್ರದ ಮುಂದೆ ಕುಳಿತಳು. ಸುಮ್ಮನಿದ್ದರೆ ನಿರ್ಣಯ ಬೀಳುತ್ತದೆ, ಅವನು ಉಳಿಯುತ್ತಾನೆ. ಅವಳಿಗೆ ಬೇಕಿದ್ದದ್ದೂ ಅದೇ. ಆದರೆ ನಿಂತುಹೋದ ಆ ಎರಡು ಕೆಲಸ ಮನಸ್ಸಿನಲ್ಲಿ ಚುಚ್ಚುತ್ತಿದ್ದವು. ಇರುವಷ್ಟು ದಿನ ಅವನಿಂದಾಗಿ ಯಾರ ಕೆಲಸವೂ ನಿಂತದ್ದಿಲ್ಲ, ಅವಳದೊಂದು ಬಿಟ್ಟರೆ. ಅವನಿಲ್ಲ ಎಂದು ಬರೆಯಲು ಕೈ ಬರಲಿಲ್ಲ. ಐದಕ್ಕೆ ಹತ್ತು ನಿಮಿಷವಿರುವಾಗ, ಒತ್ತಲಾದರೂ ಬಂದೀತು ಎಂದುಕೊಂಡು 'ಪರ' ಎಂಬಲ್ಲಿ ಬೆರಳಿಟ್ಟಳು. ಐದು ಇದ್ದದ್ದು ಆರಾಯಿತು.

ತಕ್ಷಣ ಫೋನು ಮತ್ತೆ ಗುರುಗುಟ್ಟಿತು. ವಿರೋಧ ಒತ್ತಿದ್ದ ಮೂವರಲ್ಲಿ ಒಬ್ಬ, 'ಬಾಬಿನ್' ಎಂಬುವನು, ಬರೆದಿದ್ದ: "ಎಣ್ಣೆಡಬ್ಬಿ ಸಾರ್, ಬದುಕಿದೀರಾ ಹಾಗಾದ್ರೆ! ನಿಮಗೋಸ್ಕರ ನಾವು ಎಲ್ಲರ ಹತ್ರ ಬೈಸಿಕೊಂಡ್ವಿ, ನೀವು ನೋಡಿದ್ರೆ ನಿಮ್ಮನ್ನ ನೀವೇ ತೆಗೆದು ಹಾಕಿದ್ರಿ. ನಮ್ಮ ಮೇಲೆ ಏನಾದ್ರೂ ಬೇಜಾರಾ?"

ಇನ್ನು ಸುಮ್ಮನಿರುವಂತಿರಲಿಲ್ಲ. ಒಂದೊಂದೇ ಅಕ್ಷರ ಹುಡುಕಿ ಒತ್ತಿದಳು: "ನಾನು ಅವರ ಹೆಂಡತಿ. ಅವರು ಹೋಗಿ ನಾಲ್ಕು ತಿಂಗಳಾಯಿತು. ವೋಟು ಒತ್ತಿದ್ದು ನಾನು. ನಿಮ್ಮ ಕೆಲಸ ನಿಲ್ಲಿಸಿದ್ದಕ್ಕೆ ಕ್ಷಮಿಸಿ." ಅದು ಹೋಗುವ ಹೊತ್ತಿಗೆ ಐದು ಗಂಟೆ ದಾಟಿ ಮೂರು ನಿಮಿಷವಾಗಿತ್ತು.

ಫೋನು ಪಕ್ಕಕ್ಕಿಟ್ಟು ಮತ್ತೆ ಕೋಟು ಎತ್ತಿಕೊಂಡಳು. ಜಿಪ್ಪಿನ ಒಂದು ಬದಿ ಹೊಲಿದು ಮುಗಿಸಿದಳು. ಆಗ ಮಂಡಳಿಯ ಅಧ್ಯಕ್ಷರು ಬರೆದರು: "ತಾಯಿ, ಬೇಜವಾಬ್ದಾರಿ ಎಂದು ಬರೆದವನು ನಾನು. ನೀವೇ ನನ್ನನ್ನು ಕ್ಷಮಿಸಬೇಕು. ಆದರೆ ಸದಸ್ಯರ ಮತವನ್ನು ಸದಸ್ಯರೇ ಹಾಕಬೇಕು, ಆದ್ದರಿಂದ ಆರನೆಯ ಮತ ಅಸಿಂಧು. ಐದು, ಮೂರು. ನಿರ್ಣಯ ಬಿದ್ದಿದೆ. ಬಿದ್ದ ನಿರ್ಣಯವನ್ನು ಆರು ತಿಂಗಳು ಮತ್ತೆ ತರುವಂತಿಲ್ಲ. ಸದಸ್ಯತ್ವ ಹೋಗುವುದು ರಾಜೀನಾಮೆ ಕೊಟ್ಟರೆ, ಇಲ್ಲವೇ ಆರು ಮತ ಬಿದ್ದರೆ. ಸತ್ತರೆ ಏನೆಂದು ನಿಯಮದಲ್ಲಿ ಬರೆದಿಲ್ಲ. ಬರೆದವರು ಅವರೇ."

ಅದರ ಕೆಳಗೆ ಬಾಬಿನ್: "ನಿಂತಿರೋ ಎರಡು ಕೆಲಸಕ್ಕೂ ನನ್ನ ವೋಟು ತಗೊಳ್ಳಿ, ಐದು ಆರಾಗ್ಲಿ. ಅವರ ಜಾಗ ಮಾತ್ರ ಯಾರೂ ಮುಟ್ಟಬೇಡಿ."

ಅವಳು ಎರಡು ಸಲ ಓದಿದಳು. ಆಮೇಲೆ ನಗು ಬಂತು. ನಾಲ್ಕು ತಿಂಗಳಿಂದ ಬಾರದಿದ್ದದ್ದು, ಕಣ್ಣಲ್ಲಿ ನೀರು ಬರುವಷ್ಟು ಬಂತು. ಮಗಳು ಇಸ್ತ್ರಿ ಬಿಟ್ಟು ಓಡಿ ಬಂದಳು. "ಏನಾಯ್ತಮ್ಮಾ? ತೆಗೆದ್ರಾ?"

"ಎಲ್ಲಿ ತೆಗೀತಾರೆ? ಸಾಯೋದನ್ನ ರೂಲಲ್ಲಿ ಬರೆಯೋಕೆ ನಿಮ್ಮಪ್ಪ ಮರೆತಿದ್ರಂತೆ. ಇನ್ನೂ ಆರು ತಿಂಗಳು ಇರ್ತಾರೆ ಕಣೆ."

ಮಗಳು ಫೋನು ಇಸಿದುಕೊಂಡು ನೋಡಿದಳು. ಬ್ಯಾಟರಿ ಅರ್ಧಕ್ಕಿಂತ ಹೆಚ್ಚೇ ಇತ್ತು. ಆದರೂ ತಾನೇ ಹೋಗಿ ಚಾರ್ಜಿಗೆ ಹಾಕಿದಳು.