ಹಸಿರು ಫೈಲಿನ ಶಶಿಧರ

ಶಶಿಧರನ ಕಂಕುಳಲ್ಲಿ ಹಸಿರು ಫೈಲು ಕಂಡದ್ದೇ ತಡ, ಕಲ್ಲೇಶಪ್ಪ ಕಡೂರು ಬಸ್‌ಸ್ಟ್ಯಾಂಡಿನ ಬಾಳೆಹಣ್ಣಿನ ಗಾಡಿಯ ಹಿಂದೆ ಕುಕ್ಕರುಗಾಲಲ್ಲಿ ಕೂತುಬಿಟ್ಟ.

ಗಾಡಿಯ ಹುಲಿಗೆಮ್ಮ ಬಗ್ಗಿ ನೋಡಿದಳು. ಐವತ್ತು ದಾಟಿದ ಗಂಡಸು, ಇಸ್ತ್ರಿ ಮಾಡಿದ ಬಿಳಿ ಪಂಚೆ, ಬಾಳೆಗೊನೆಗೆ ಅಂಟಿಕೊಂಡ ಮೂಗು. ಆಮೇಲೆ ಅತ್ತ ಫೈಲಿನವನನ್ನು ನೋಡಿದಳು. ಅರ್ಥವಾಯಿತು. ಈ ಸೀಮೆಯಲ್ಲಿ ಫೈಲು ಹಿಡಿದು, ಜೇಬಿಗೆ ಪೆನ್ನು ಸಿಕ್ಕಿಸಿ, ಒಬ್ಬೊಬ್ಬರ ಮುಖ ಹುಡುಕಿಕೊಂಡು ಬರುವವನಿಗೆ ಬೇಕಾದದ್ದು ಒಂದೇ.

“ಜಾಮೀನಾ?” ಎಂದು ಪಿಸುಗುಟ್ಟಿದಳು.

ಕಲ್ಲೇಶಪ್ಪ ಕಣ್ಣು ಮುಚ್ಚಿ, ತುಟಿ ಬಿಗಿದು, ಆಪರೇಷನ್ ಮುಗಿಸಿ ಹೊರಗೆ ಬಂದ ಡಾಕ್ಟರಂತೆ ತಲೆ ಆಡಿಸಿದ.

“ಅಯ್ಯೋ ನಮ್ಮಪ್ಪನೇ! ನಮ್ಮೆಜಮಾನ್ರೂ ಹಿಂಗೇ ಒಂದು ಸಹಿ ಹಾಕಿದ್ರು, ಎರಡು ಎಮ್ಮೆ ಹೋದೋ. ಬಗ್ಗು, ಇನ್ನೂ ಬಗ್ಗು!” ಅಂದವಳೇ ಗೋಣಿಚೀಲ ಎಳೆದು ಅವನ ಮೇಲೆ ಹೊದಿಸಿದಳು.

ಶಶಿಧರ ಬಂದ. “ಅಮ್ಮಾ, ಕಲ್ಲೇಶಣ್ಣ ಅಂತ, ಬಿಳಿ ಪಂಚೆಯೋರು, ಈ ಕಡೆ ಬಂದ್ರಾ?”

“ಬಂದ್ರು, ಹೋದ್ರು. ಹುಬ್ಬಳ್ಳಿ ರೈಲು ಹತ್ತಿದ್ರು. ಇನ್ನೊಂದು ತಿಂಗ್ಳು ಬರಾಕಿಲ್ಲ.”

ಗೋಣಿಚೀಲ ಸೀನಿತು.

“ಹೆಗ್ಗಣ,” ಅಂದಳು ಹುಲಿಗೆಮ್ಮ.

ಕಲ್ಲೇಶಪ್ಪನ ಪಟ್ಟಾಪಟ್ಟಿ ಚಡ್ಡಿಯ ಜೇಬಿನಲ್ಲಿ ಕೊಬ್ಬರಿ ಮಾರಿದ ನಲವತ್ತೆಂಟು ಸಾವಿರ ಬೆಚ್ಚಗಿತ್ತು. ಅಜ್ಜಂಪುರದಲ್ಲಿ ತಿಪ್ಪೇಶನ ಸೆಕೆಂಡ್‌ಹ್ಯಾಂಡ್ ಸ್ಕೂಟರ್ ಕಾಯುತ್ತಿತ್ತು. ಸಂಜೆ ಐದರೊಳಗೆ ದುಡ್ಡು ಎಣಿಸದಿದ್ದರೆ ಗಾಡಿ ಬೇರೆಯವರ ಪಾಲು. “ಇವತ್ತೂ ಕಾಲೆಳ್ಕೊಂಡು ಬಂದ್ರೆ ಬಾಗ್ಲು ತೆಗೆಯಲ್ಲ ಕಣ್ರೀ” ಎಂದು ಹೆಂಡತಿ ಪಂಕಜಾಕ್ಷಿ ಬೆಳಿಗ್ಗೆಯೇ ಸಾರಿದ್ದಳು. ಮಿಕ್ಕೆಲ್ಲದಕ್ಕೂ ಕಲ್ಲೇಶಪ್ಪ ಗಟ್ಟಿಗನೇ. ಆದರೆ ಶಶಿಧರ ಎದುರು ನಿಂತು ಆ ಫೈಲು ಬಿಚ್ಚಿದರೆ ಇಲ್ಲ ಅನ್ನಲು ಬಾಯಿ ಬಾರದು. ಬಾಯಿ ಬಾರದಿದ್ದರೆ ಸ್ಕೂಟರೂ ಬಾರದು.

ಸ್ಕೂಟರಿನ ಸುದ್ದಿ ಅವನ ಕಿವಿಗೂ ಬಿದ್ದಿರಬೇಕು, ನೇರ ಅಜ್ಜಂಪುರದ ಬಸ್ಸಿನ ಬಾಗಿಲಲ್ಲೇ ಶಶಿಧರ ಕಾವಲು ನಿಂತಿದ್ದ. ಕಲ್ಲೇಶಪ್ಪ ತರೀಕೆರೆ ಬಸ್ಸು ಹತ್ತಿದ. ಸುತ್ತಾದರೂ ಸರಿ, ಕುತ್ತಿಗೆ ಉಳಿಯಲಿ.

ಬೀರೂರಿನಲ್ಲಿ ಬಸ್ಸು ನಿಂತಾಗ ಫೋನು ಬಡಿದುಕೊಂಡಿತು. ಶಶಿಧರ! ಕಟ್ ಮಾಡಿದರೆ ಅನುಮಾನ, ಎತ್ತಿದರೆ ಅವಮಾನ. ಕಲ್ಲೇಶಪ್ಪ ಗಂಟಲನ್ನು ಎರಡು ಮೆಟ್ಟಿಲು ಮೇಲೇರಿಸಿ ಅದಕ್ಕಿಷ್ಟು ಸಕ್ಕರೆ ಸುರಿದ.

“ನೀವು ಕರೆ ಮಾಡಿರುವ ಚಂದಾದಾರರು ವ್ಯಾಪ್ತಿ ಪ್ರದೇಶದಿಂದ ಹೊರಗಿದ್ದಾರೆ. ದಯವಿಟ್ಟು…” ಕೆಮ್ಮು ಒತ್ತರಿಸಿ ಬಂತು. “…ಸ್ವಲ್ಪ ಸಮಯದ ನಂತರ ಪ್ರಯತ್ನಿಸಿ.”

“ನೀರು ಕುಡೀರಿ ಮೇಡಂ,” ಅಂತು ಫೋನು. “ನಿಮ್ಮ ಹಿಂದೆ ಯಾರೋ ತರೀಕೆರೆ, ತರೀಕೆರೆ ಅಂತ ಕೂಗ್ತಾ ಇದಾರೆ. ನಾನೂ ಅಲ್ಲಿಗೇ ಬತ್ತೀನಿ.”

ತರೀಕೆರೆಯಲ್ಲಿ ಇಳಿದವನೇ ಕಲ್ಲೇಶಪ್ಪ ಅಜ್ಜಂಪುರದ ಬಸ್ಸಿಗೆ ಹಾರಿ, ತಲೆಗೆ ಟವೆಲ್ ಸುತ್ತಿ, ಈರಕ್ಕ ಎಂಬ ಮುದುಕಿಯ ಪಕ್ಕ ಕೂತ. ಬಸ್ಸಿನ ತುಂಬ ಹೆಂಗಸರು. ಟಿಕೆಟ್ಟಿಗೆ ಕಾಸು ಕೊಟ್ಟವನು ಇವನೊಬ್ಬನೇ ಎಂಬಂತಿತ್ತು. ಅಷ್ಟರಲ್ಲಿ ಹೊರಗೆ ಒಂದು ಟೆಂಪೋ ನಿಂತಿತು. ಅದರಿಂದ ಶಶಿಧರ ಇಳಿದ. ಒಂದು ಚಪ್ಪಲಿ ಕಾಲಲ್ಲಿ, ಇನ್ನೊಂದು ಕೈಯಲ್ಲಿ.

ಕಲ್ಲೇಶಪ್ಪನ ಕರುಳು ನಿಜಕ್ಕೂ ಚುರ್ ಎಂದಿತು. “ನೋಡಿ ತಾಯಿ,” ಅಂದ. “ಎರಡು ವರ್ಷದ ಹಿಂದೆ ಆ ಮನುಷ್ಯ ಬೈಕಲ್ಲಿ ಓಡಾಡ್ತಿದ್ದ. ಹೊಟ್ಟೆನೂ ಇತ್ತು. ಬೈಕೂ ಹೋಯ್ತು, ಹೊಟ್ಟೆನೂ ಹೋಯ್ತು.”

“ಏನ್ ಮಾಡ್ಕೊಂಡನಪ್ಪಾ?”

“ಸಾಲದ ಸಹವಾಸ. ಅದಕ್ಕೇ ನಾನು ಎಲ್ರಿಗೂ ಹೇಳೋದು, ಜಾಮೀನು ಕೊಟ್ಟೋನ ಜಮೀನು ಉಳಿಯಲ್ಲ ಅಂತ. ನಡುವೆ ಇರೋದು ಒಂದೇ ಒಂದು ದೀರ್ಘ. ಅದೇ ಉಸಿರು ತೆಗೆಯುತ್ತೆ.”

ಬಸ್ಸು ಹೌದು ಹೌದು ಎಂದಿತು. ಶಶಿಧರ ಹತ್ತಿದ. ಸೀದಾ ಬಂದು ಟವೆಲ್ ಎಳೆದ.

“ಕಲ್ಲೇಶಣ್ಣಾ!”

ಈರಕ್ಕ ತನ್ನ ಛತ್ರಿಯನ್ನು ರೈಲ್ವೆ ಗೇಟಿನಂತೆ ಅಡ್ಡ ಹಿಡಿದಳು. ಕಂಡಕ್ಟರ್ ಕೆಂಪರಾಜು ಸೀಟಿ ಊದುತ್ತ ನುಗ್ಗಿ ಬಂದ. “ಏಯ್, ಪ್ಯಾಸೆಂಜರ್ ಮೈ ಮುಟ್ಬೇಡ! ಮಾತೇನಿದ್ರೂ ದೂರ ನಿಂತು ಆಡು.”

“ದುಡ್ಡು ಬೇಕಾದ್ರೆ ದುಡಿಯಪ್ಪ,” ಅಂದಳು ಈರಕ್ಕ. “ಪಾಪದೋರ ಮುಂದೆ ಫೈಲು ಹಿಡಿಯಕ್ಕೆ ನಾಚ್ಕೆ ಆಗಲ್ವಾ?”

“ಅಜ್ಜೀ, ನನ್ ಮಾತು ಸ್ವಲ್ಪ…”

“ಮಾತೇ ಬ್ಯಾಡ! ಮನೆ ಮುರಿಯೋ ಪೆನ್ನು ಅದು!” ಹಿಂದಿನ ಸೀಟಿನಿಂದ ಬಳೆ ತುಂಬಿದ ಕೈಯೊಂದು ಚಾಚಿ ಬಂದು ಪೆನ್ನು ಕಿತ್ತು ಕಿಟಕಿಯಾಚೆ ಎಸೆಯಿತು. ಬಸ್ಸು ಚಪ್ಪಾಳೆ ತಟ್ಟಿತು.

ಕಲ್ಲೇಶಪ್ಪ ಎದ್ದು ನಿಂತ. ಚಡ್ಡಿಯ ಜೇಬನ್ನು ಒಮ್ಮೆ ಮುಟ್ಟಿ ನೋಡಿಕೊಂಡ. ಗಂಟೆ ನಾಲ್ಕೂ ಕಾಲು. ಸ್ಕೂಟರಿನ ಸೀಟಿನ ಮೆತ್ತನೆಯ ಸುಖ ಈಗಲೇ ಅನುಭವಕ್ಕೆ ಬರುತ್ತಿತ್ತು. ಕೈಯೆತ್ತಿ ಜನರನ್ನು ಸುಮ್ಮನಾಗಿಸಿದ.

“ಬಿಡ್ರಮ್ಮಾ, ಬೈಬೇಡಿ. ಒಳ್ಳೆಯೋನೇ ಅವನು. ನಂಗೇನೂ ಬೇಜಾರಿಲ್ಲ.”

“ಎಂಥಾ ದೊಡ್ಡ ಮನ್ಸು!” ಈರಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡಳು. “ಕೇಳಿಸ್ಕೊಂಡ್ಯೇನಯ್ಯಾ? ಇಂಥೋರ ಹತ್ರ ಸಾಲಕ್ಕೆ ಸಹಿ ಕೇಳ್ತೀಯಲ್ಲ, ಮನುಷ್ಯನಾ ನೀನು?”

ಶಶಿಧರ ಕೈಯಲ್ಲಿದ್ದ ಚಪ್ಪಲಿಯನ್ನು ಮೆಲ್ಲಗೆ ಕೆಳಗಿಟ್ಟ.

“ಇವರ ಸಹಿ ಯಾರಿಗೆ ಬೇಕು ಅಜ್ಜೀ? ಇವರು ಮಾಡಿದ ಸಾಲಕ್ಕೆ ಎರಡು ವರ್ಷದ ಹಿಂದೆ ಜಾಮೀನು ಹಾಕಿ, ಅವತ್ತಿಂದ ಕಂತು ಕಟ್ತಾ ಇರೋ ಬೆಪ್ಪ ನಾನು.”